ಪರಮಾಣು ನಿಜಕ್ಕೂ ಇದೆಯಾ, ಇಲ್ಲ ಲೆಕ್ಕಕ್ಕೆ ಕಟ್ಟಿದ ಕತೆಯಾ?

ನಿಮ್ಮ ಪ್ರಶ್ನೆ ಇದು: ವಿಜ್ಞಾನದ ಸಿದ್ಧಾಂತಗಳು ಬದಲಾಗುತ್ತಲೇ ಇರುತ್ತವೆ, ನಿನ್ನೆ ನಿಜ ಎಂದದ್ದು ಇವತ್ತು ತಪ್ಪು. ಹಾಗಿದ್ದ ಮೇಲೆ ಕಣ್ಣಿಗೆ ಕಾಣದ ಪರಮಾಣು, ಎಲೆಕ್ಟ್ರಾನ್ ಎಲ್ಲ ನಿಜಕ್ಕೂ ಇವೆ ಎಂದು ಯಾಕೆ ನಂಬಬೇಕು? ಲೆಕ್ಕ ಕೂಡಿಬರಲಿ ಎಂದು ಕಟ್ಟಿಕೊಂಡ ಕತೆಯೂ ಆಗಿರಬಹುದಲ್ವಾ?

ನಾನು ಪಿಯು ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ "ಸರ್, ನೀವು ಪರಮಾಣು ನೋಡಿದ್ದೀರಾ?" ಎಂದು ಕೇಳಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕು ಮುಂದಿನ ಲೆಕ್ಕಕ್ಕೆ ಹೋದೆ. ವಿಯೆನ್ನಾದ ಭೌತವಿಜ್ಞಾನಿ ಅರ್ನ್‌ಸ್ಟ್ ಮಾಖ್ ಕೂಡ ಪರಮಾಣುವಿನ ಮಾತು ಬಂದಾಗ ಇದನ್ನೇ ಕೇಳುತ್ತಿದ್ದರು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆ ಹುಡುಗನಿಗೆ ಕೊಡಬೇಕಿದ್ದ ಉತ್ತರವನ್ನು ಈಗ ನಿಮಗೆ ಕೊಡುತ್ತಿದ್ದೇನೆ ಅಂದುಕೊಳ್ಳಿ.

ಕಾಣದ ವಸ್ತುಗಳೂ ಇವೆ, ಅವುಗಳ ಬಗ್ಗೆ ವಿಜ್ಞಾನ ಹೇಳುವುದು ಹೆಚ್ಚುಕಮ್ಮಿ ನಿಜ ಎನ್ನುವ ನಿಲುವಿಗೆ ವೈಜ್ಞಾನಿಕ ವಾಸ್ತವವಾದ ಎಂದು ಹೆಸರು. ಇದರ ಪರವಾಗಿ 1975ರಲ್ಲಿ ತತ್ವಜ್ಞಾನಿ ಹಿಲರಿ ಪಟ್ನಮ್ ಕೊಟ್ಟ ಕಾರಣ ಸರಳ. ಸಿದ್ಧಾಂತಗಳು ನಿಜಕ್ಕೆ ಹತ್ತಿರ ಇಲ್ಲದಿದ್ದರೆ ವಿಜ್ಞಾನ ಇಷ್ಟು ಚೆನ್ನಾಗಿ ಕೆಲಸ ಮಾಡುವುದು ಪವಾಡವೇ ಆಗಬೇಕು. ನಿಮ್ಮ ವಾದ ಇದಕ್ಕೆ ಉಲ್ಟಾ. ಅದನ್ನು 1981ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಲ್ಯಾರಿ ಲೌಡನ್ ಬಲವಾಗಿ ಮಂಡಿಸಿದರು. ಒಂದು ಕಾಲಕ್ಕೆ ಚೆನ್ನಾಗಿ ನಡೆದು ಆಮೇಲೆ ಬಿದ್ದುಹೋದ ಸಿದ್ಧಾಂತಗಳ ಪಟ್ಟಿಯನ್ನೇ ಮುಂದಿಟ್ಟರು.

ಎರಡೂ ಕಡೆಯವರ ಮೇಲೆ ನನ್ನದು ಒಂದೇ ತಕರಾರು. ಇಡೀ ಮೂಟೆಯನ್ನು ಒಟ್ಟಿಗೆ ತೂಗುತ್ತಾರೆ. ಸಂತೆಯಲ್ಲಿ ತೆಂಗಿನಕಾಯಿ ತಗೊಳ್ಳುವಾಗ ನಾವು ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಹಿಂದಿನ ವಾರದ ನಾಲ್ಕು ಕಾಯಿ ಕೆಟ್ಟಿತ್ತು ಅಂತ ಈ ಕಾಯಿಯನ್ನು ಎಸೆಯುವುದಿಲ್ಲ. ಹಾಗಾದರೆ ಅಲ್ಲಾಡಿಸಿ ನೋಡುವುದು ಹೇಗೆ ಅನ್ನುವುದೇ ಪ್ರಶ್ನೆ.

ಒಂದು ಮದುವೆ ಮನೆ ಕಲ್ಪಿಸಿಕೊಳ್ಳಿ. ನೀವು ಒಳಗೆ ಹೋಗಿಲ್ಲ, ಒಬ್ಬರನ್ನೂ ನೋಡಿಲ್ಲ. ಹೊರಗಿನ ಚಪ್ಪಲಿ ಎಣಿಸಿ ಎರಡರಿಂದ ಭಾಗಿಸಿದಿರಿ, 400 ಬಂತು. ಹಿತ್ತಲಲ್ಲಿ ಬಿದ್ದ ಊಟದ ಎಲೆ ಎಣಿಸಿದಿರಿ, 410. ಅಡುಗೆಯವರನ್ನು ಕೇಳಿ ಅಕ್ಕಿಯ ಲೆಕ್ಕದಿಂದ ಅಂದಾಜು ಮಾಡಿದಿರಿ, 390. ಚಪ್ಪಲಿಗೂ ಅಕ್ಕಿಗೂ ಸಂಬಂಧ ಏನು? ಒಳಗೆ ಕೂತ ಜನ, ಅಷ್ಟೇ. 'ಜನ ಎನ್ನುವುದು ಚಪ್ಪಲಿ ವಿವರಿಸಲು ಅನುಕೂಲವಾದ ಒಂದು ಕಲ್ಪನೆ' ಎಂದು ಯಾರಾದರೂ ಹೇಳಿದರೆ ಅವರಿಗೆ ಊಟ ಸಿಗುವುದಿಲ್ಲ.

ಪ್ಯಾರಿಸ್ಸಿನ ಝಾನ್ ಪೆರಾನ್ ಪರಮಾಣುವಿಗೆ ಮಾಡಿದ್ದು ಇದನ್ನೇ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞರು ಪರಾಗದೊಳಗಿನ ಸಣ್ಣ ಕಣಗಳು ನೀರಿನಲ್ಲಿ ಸುಮ್ನೆ ಕುಣಿಯುತ್ತಲೇ ಇರುವುದನ್ನು ನೋಡಿದ್ದರು. ನೀರಿನ ಅಣುಗಳು ನಾನಾ ಕಡೆಯಿಂದ ತಳ್ಳುವುದರಿಂದ ಈ ಕುಣಿತ ಎನ್ನುವುದಾದರೆ, ಅದರಿಂದ ಅಣುಗಳ ಸಂಖ್ಯೆ ಲೆಕ್ಕ ಹಾಕಬಹುದು ಎಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದರು. ಪೆರಾನ್ 1908ರ ಹೊತ್ತಿಗೆ ಅದನ್ನು ಕೈಯಾರೆ ಮಾಡಲು ಕೂತರು. ಅವರು ಬಳಸಿದ್ದು ಗ್ಯಾಂಬೋಜ್ ಎಂಬ ಹಳದಿ ಮರದಂಟು. ನಮ್ಮ ಮಲೆನಾಡಿನ ಉಪ್ಪಾಗೆ, ಮುರುಗಲು ಇವೆಯಲ್ಲ, ಅದೇ ಗಾರ್ಸೀನಿಯಾ ಬಳಗದ ಏಷ್ಯಾದ ಮರಗಳಿಂದ ಬರುವ ಅಂಟು ಅದು, ಚಿತ್ರ ಬರೆಯುವವರು ಬಣ್ಣಕ್ಕೆ ಬಳಸುತ್ತಿದ್ದರು. ಅದನ್ನು ನೀರಿನಲ್ಲಿ ಕದಡಿ, ತಿರುಗಿಸಿ ತಿರುಗಿಸಿ, ಒಂದೇ ಅಳತೆಯ ಗುಂಡು ಕಣಗಳನ್ನು ಬೇರೆ ಮಾಡಿದರು. ತಿಂಗಳುಗಟ್ಟಲೆ ಹಿಡಿಯುವ ಕೆಲಸ.

ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬೇರೆ ಬೇರೆ ಎತ್ತರದಲ್ಲಿ ಎಷ್ಟು ಕಣ ಇವೆ ಎಂದು ಎಣಿಸಿದರು. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗುತ್ತದಲ್ಲ, ಹಾಗೇ ಈ ಕಣಗಳೂ ಮೇಲೆ ಹೋದಂತೆ ಕಡಿಮೆಯಾದವು. ಗಾಳಿ ಅರ್ಧಕ್ಕೆ ಇಳಿಯಲು ಐದಾರು ಕಿಲೋಮೀಟರು ಮೇಲೆ ಹೋಗಬೇಕು. ಪೆರಾನ್ ಅವರ ಒಂದು ಎಣಿಕೆಯಲ್ಲಿ 30 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಮೇಲೆ ಹೋದರೆ ಸಾಕು, ಕಣಗಳು ಅರ್ಧ. ಎರಡರ ನಿಯಮ ಒಂದೇ. ಈ ಎಣಿಕೆಯಿಂದ ಅವೊಗಾಡ್ರೋ ಸಂಖ್ಯೆ ಸಿಕ್ಕಿತು, ಅಂದರೆ 18 ಗ್ರಾಂ ನೀರಿನಲ್ಲಿ ಎಷ್ಟು ಅಣುಗಳಿವೆ ಎಂಬ ಲೆಕ್ಕ. ಸುಮಾರು 6ರ ಮುಂದೆ 23 ಸೊನ್ನೆ.

ಇಷ್ಟಕ್ಕೇ ನಿಂತಿದ್ದರೆ ಮಾಖ್ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ ಪೆರಾನ್ 1913ರ ತಮ್ಮ ಪುಸ್ತಕದಲ್ಲಿ ಹತ್ತಕ್ಕೂ ಜಾಸ್ತಿ ದಾರಿಗಳನ್ನು ಒಂದೇ ಪಟ್ಟಿಯಲ್ಲಿ ಇಟ್ಟರು. ಅನಿಲದ ಜಿಗುಟುತನ ಒಂದು ದಾರಿ. ಆಕಾಶದ ನೀಲಿ ಇನ್ನೊಂದು. ಕಾದ ವಸ್ತು ಸೂಸುವ ಬೆಳಕು, ಎಣ್ಣೆ ಹನಿಯ ಮೇಲಿನ ವಿದ್ಯುತ್ತು, ರೇಡಿಯಂ ಹೊರಹಾಕುವ ಹೀಲಿಯಂ. ಆಕಾಶದ ನೀಲಿಗೂ ರೇಡಿಯಂಗೂ ಏನಾದರೂ ನಂಟಿದೆಯಾ? ಆದರೂ ಬಂದ ಸಂಖ್ಯೆಗಳು ಆರು, ಆರೂವರೆ, ಏಳರ ಆಸುಪಾಸಿನಲ್ಲೇ. ಸೊನ್ನೆಗಳ ಲೆಕ್ಕವಂತೂ ಎಲ್ಲೂ ತಪ್ಪಿಲ್ಲ. ನನಗೆ ಮೊದಲ ಸಲ ಆ ಪಟ್ಟಿ ನೋಡಿದಾಗ ಮೈ ಜುಂ ಎಂದಿತು. ವರ್ಷಾನುಗಟ್ಟಲೆ ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಿದ್ದೆ. ಅದು ಎಲ್ಲಿಂದ ಬಂತು ಎಂದು ಒಂದು ದಿನವೂ ಹೇಳಿರಲಿಲ್ಲ.

ಪರಮಾಣುವನ್ನು ಬಲವಾಗಿ ವಿರೋಧಿಸುತ್ತಿದ್ದ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1909ರಲ್ಲೇ ಸೋಲೊಪ್ಪಿದರು. ಅನುಮಾನ ಇಟ್ಟುಕೊಂಡಿದ್ದ ಆನ್ರಿ ಪ್ವಾಂಕಾರೆ ಕೂಡ ಎಣಿಸಲು ಬಂತಲ್ಲ, ಇನ್ನು ಕಂಡ ಹಾಗೇ ಲೆಕ್ಕ ಎಂಬರ್ಥದ ಮಾತು ಹೇಳಿದರು.

ಈಗ ನಿಮ್ಮ ಕಡೆಯ ಅತಿ ಗಟ್ಟಿ ಉದಾಹರಣೆಗೆ ಬರೋಣ. ಬೆಳಕು ಅಲೆ, ಅದು ಈಥರ್ ಎಂಬ ಕಾಣದ ಮಾಧ್ಯಮದಲ್ಲಿ ಸಾಗುತ್ತದೆ ಎಂದು ಫ್ರಾನ್ಸಿನ ಫ್ರೆನೆಲ್ ನಂಬಿದ್ದರು. ಫ್ರೆಂಚ್ ಅಕಾಡೆಮಿಯ ಸ್ಪರ್ಧೆಗೆ ಅವರು ತಮ್ಮ ಸಿದ್ಧಾಂತ ಕಳಿಸಿದಾಗ ತೀರ್ಪುಗಾರರಲ್ಲಿ ಒಬ್ಬರಾದ ಪ್ವಾಸೊನ್ ಅದನ್ನು ಗೇಲಿ ಮಾಡುವ ಹಾಗೆ ಒಂದು ಲೆಕ್ಕ ತೆಗೆದರು. ಇದು ನಿಜವಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಲ್ಲ! ಅರಾಗೊ ಮಾಡಿ ನೋಡಿದರು. ಚುಕ್ಕೆ ಇತ್ತು. ಇದಕ್ಕಿಂತ ದೊಡ್ಡ ಗೆಲುವು ಬೇಕಾ? ಆದರೆ 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಹುಡುಕಿದಾಗ ಈಥರ್‌ನ ಸುಳಿವೇ ಸಿಗಲಿಲ್ಲ, 1905ರಲ್ಲಿ ಐನ್‌ಸ್ಟೈನ್ ಅದು ಬೇಕಾಗೇ ಇಲ್ಲ ಎಂದರು.

ಭವಿಷ್ಯ ಸರಿಬಂತು ಎಂದಮಾತ್ರಕ್ಕೆ ವಸ್ತು ಇದೆ ಎನ್ನಲಾಗದು ಎಂಬುದನ್ನು ಇದರಿಂದ ನಾನು ಒಪ್ಪುತ್ತೇನೆ. ಪಟ್ನಮ್ ವಾದ ಇಲ್ಲಿ ಕುಂಟುತ್ತದೆ. ಜಾನ್ ವೊರಾಲ್ 1989ರಲ್ಲಿ, ಈಥರ್ ಹೋದರೂ ಫ್ರೆನೆಲ್ ಸಮೀಕರಣಗಳು ಉಳಿದವು, ಆದ್ದರಿಂದ ಸಮೀಕರಣಗಳು ತೋರಿಸುವ ರಚನೆಯನ್ನಷ್ಟೇ ನಂಬಿ, ವಸ್ತುವನ್ನಲ್ಲ ಎಂದರು. ಒಳ್ಳೆಯ ಮಾತೇ. ಆದರೆ ನನಗೆ ಕಾಣುವುದು ಇನ್ನೊಂದು. ಈಥರ್‌ಗೆ ಚಪ್ಪಲಿ ಮಾತ್ರ ಇತ್ತು, ಎಲೆಯೂ ಇಲ್ಲ, ಅಕ್ಕಿಯೂ ಇಲ್ಲ. ಅದರ ಪರವಾದ ಸಾಕ್ಷಿಯೆಲ್ಲ ಬೆಳಕಿನಿಂದಲೇ ಬಂದದ್ದು. ಬೇರೆ ಕಡೆಯಿಂದ ಹಿಡಿಯಲು ಹೋದರೆ ಜಗಳವೇ. ಬೆಳಕಿನ ಅಡ್ಡ ಅಲೆ ಸಾಗಲು ಅದು ಗಟ್ಟಿ ಘನವಸ್ತುವಿನ ಹಾಗೆ ಬಿಗಿಯಾಗಿರಬೇಕು, ಗ್ರಹಗಳು ಅದರೊಳಗೆ ಓಡಾಡಲು ಏನೂ ಇಲ್ಲದ ಹಾಗೆ ಇರಬೇಕು.

ನಮ್ಮ ಕೋಲಾರದ್ದೂ ಒಂದು ಕತೆ ಇಲ್ಲಿ ಹೇಳಲೇಬೇಕು. ಕೆಲವು ಪರಮಾಣುಗಳ ನ್ಯೂಕ್ಲಿಯಸ್ ಎಲೆಕ್ಟ್ರಾನ್ ಹೊರಹಾಕುವ ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗುತ್ತಿಲ್ಲ ಎಂದು 1930ರಲ್ಲಿ ಭೌತವಿಜ್ಞಾನಿ ಪೌಲಿ ಒಂದು ಕಾಣದ ಕಣವನ್ನು ಸೇರಿಸಿದರು. ನೀವು ಹೇಳುವ 'ಲೆಕ್ಕಕ್ಕೆ ಕಟ್ಟಿದ ಕತೆ'ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ನ್ಯೂಟ್ರಿನೊ 1956ರಲ್ಲಿ ಅಮೆರಿಕದ ಪರಮಾಣು ರಿಯಾಕ್ಟರ್ ಒಂದರ ಪಕ್ಕ ಸಿಕ್ಕಿತು. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತು. ಮುಂದೆ ಸೂರ್ಯನಿಂದ ಬಂದದ್ದು ಸಿಕ್ಕಿತು. 1987ರಲ್ಲಿ ಸಿಡಿದ ನಕ್ಷತ್ರದಿಂದ ಬಂದದ್ದೂ ಸಿಕ್ಕಿತು.

ಅದೇ ಕೆಜಿಎಫ್‌ನ ನೆಲದಾಳದಲ್ಲಿ 1980ರ ದಶಕದಲ್ಲಿ, ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್ ಎಂಬ ಕಣ ತಾನಾಗಿ ಒಡೆಯುತ್ತದೆಯೇ ಎಂದು ಹುಡುಕಿದರು. ಒಡೆಯಬೇಕು ಎನ್ನುವ ಸಿದ್ಧಾಂತ ಬಹಳ ಚೆಂದವಿತ್ತು. ಒಡೆದಿರಬಹುದು ಎನ್ನಿಸುವ ಕೆಲವು ಗುರುತುಗಳೂ ಸಿಕ್ಕವು, ವರದಿಯಾದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಅಮೆರಿಕ, ಜಪಾನಿನ ಎಷ್ಟೋ ಪಟ್ಟು ದೊಡ್ಡ ಉಪಕರಣಗಳು ಪ್ರಮಾಣಿಸಿ ನೋಡಿದವು, ಅಲ್ಲಿ ಏನೂ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಒಂದೇ ಕೆಜಿಎಫ್, ಒಂದೇ ಬಗೆಯ ಎಚ್ಚರಿಕೆಯ ಕೆಲಸ. ಒಂದು ಕಾಯಿ ಗಟ್ಟಿ, ಇನ್ನೊಂದರ ಬಗ್ಗೆ ಇನ್ನೂ ಹೇಳುವ ಹಾಗಿಲ್ಲ.

ಕಣ್ಣಿಗೆ ಕಾಣುವುದನ್ನು ಮಾತ್ರ ನಂಬಿ, ಉಳಿದದ್ದರ ಬಗ್ಗೆ ತಟಸ್ಥರಾಗಿರಿ ಎಂದು 1980ರಲ್ಲಿ ಬಾಸ್ ವಾನ್ ಫ್ರಾಸೆನ್ ವಾದಿಸಿದರು. ಜಾಣ ವಾದ, ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೂ ಗೆರೆ ಎಲ್ಲಿ ಎಳೆಯುವುದು? ಕನ್ನಡಕ ತೆಗೆದರೆ ನನಗೆ ಎದುರಿನ ಬಸ್ಸಿನ ಬೋರ್ಡೇ ಕಾಣುವುದಿಲ್ಲ. ಭೂತಗನ್ನಡಿಯಲ್ಲಿ ಕಂಡದ್ದು ಕಂಡದ್ದಲ್ವಾ? ಸೂಕ್ಷ್ಮದರ್ಶಕದಲ್ಲಿ?

ಹಾಗಾಗಿ ಪರಮಾಣು ಇದೆಯಾ ಎಂದರೆ ನಾನು ಇದೆ ಎಂದೇ ಹೇಳುತ್ತೇನೆ. ನ್ಯೂಟ್ರಿನೊಗೂ ಅಷ್ಟೇ. ವಿಶ್ವದಲ್ಲಿ ಬೆಳಕು ಸೂಸದೆ ಇದೆ ಎನ್ನುವ ವಸ್ತು, ಅಂದರೆ ಡಾರ್ಕ್ ಮ್ಯಾಟರ್ ಬಗ್ಗೆ ಕೇಳಿದರೆ ಸ್ವಲ್ಪ ತಡೆಯುತ್ತೇನೆ. ಸಾಕ್ಷಿ ತುಂಬಾ ಇದೆ. ಗೆಲಾಕ್ಸಿಗಳು ತಿರುಗುವ ವೇಗ, ದೂರದ ಬೆಳಕು ಬಾಗುವ ರೀತಿ, ವಿಶ್ವದ ಹಳೆಯ ವಿಕಿರಣದ ಏರಿಳಿತ. ಹಲವು ದಾರಿ ಅನ್ನಿಸುತ್ತದೆ. ಆದರೆ ಹತ್ತಿರ ಹೋಗಿ ನೋಡಿದರೆ ಎಲ್ಲವೂ ಗುರುತ್ವ ಎಂಬ ಒಂದೇ ಬಾಗಿಲಿನಿಂದ ಬರುತ್ತವೆ. ಬೇರೆ ಬಾಗಿಲಿಗಾಗಿ ನೆಲದಡಿ ಉಪಕರಣ ಇಟ್ಟು ಕಾಯುತ್ತಿದ್ದಾರೆ. ಈಥರ್‌ನ ಕತೆ ಓದಿದವನಿಗೆ ಆ ಒಂದೇ ಬಾಗಿಲು ಸ್ವಲ್ಪ ಕಸಿವಿಸಿ ಮಾಡುತ್ತದೆ.