ಜರ್ನಲ್‌ನ ಯಾವ ಪೇಪರ್ ಗಮನಾರ್ಹ ಅಂತ ನಿರ್ಧರಿಸುವುದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳ ಬಗ್ಗೆ ಪರಿಚಯ ಬರಹ ಬರೆಯುತ್ತಿದ್ದೀರಿ. ಗಮನಾರ್ಹ ಪೇಪರ್‌ಗಳ ಪಟ್ಟಿಗೆ ಸೈಟೇಶನ್ (ಬೇರೆ ಲೇಖನಗಳಲ್ಲಿ ಬಂದ ಉಲ್ಲೇಖ) ಹೆಚ್ಚಿರುವ ಮೊದಲ ಹತ್ತನ್ನು ಎತ್ತಿಕೊಂಡರೆ ಸಾಕೇ ಅಂತ ಕೇಳಿದ್ದೀರಿ. ಸಾಲದು. ಸೈಟೇಶನ್ ಎಣಿಕೆ ಹುಡುಕಾಟಕ್ಕೆ ಬರುತ್ತದೆ, ತೀರ್ಪಿಗೆ ಬರುವುದಿಲ್ಲ.

ಇದಕ್ಕೆ ಉದಾಹರಣೆ ಆ ಜರ್ನಲ್‌ಗಳಲ್ಲೇ ಇದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ ಅಕಾಡೆಮಿಯ ಪ್ರೊಸೀಡಿಂಗ್ಸ್‌ನ ಎ ವಿಭಾಗದಲ್ಲಿ (ಸಂಪುಟ 44, ಪುಟ 247) ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಒಂದು ಪೇಪರ್ ಬರೆದರು. ಸುಮಾರು ಮೂರು ದಶಕ ಅದನ್ನು ಕೇಳಿದವರು ಕಡಿಮೆ. 1984ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಮೈಕೇಲ್ ಬೆರ್ರಿ ಕ್ವಾಂಟಮ್ ವ್ಯವಸ್ಥೆಗಳ ಜ್ಯಾಮಿತೀಯ ಫೇಸ್ (ವ್ಯವಸ್ಥೆ ಒಂದು ಸುತ್ತು ಬಂದು ಮೊದಲ ಸ್ಥಿತಿಗೆ ಮರಳಿದಾಗ ಅದರ ತರಂಗದಲ್ಲಿ ಉಳಿಯುವ ವ್ಯತ್ಯಾಸ) ಬಗ್ಗೆ ಬರೆದ ಮೇಲೆ, 1986ರಲ್ಲಿ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ 'ಕರೆಂಟ್ ಸೈನ್ಸ್'ನಲ್ಲಿ, ಪಂಚರತ್ನಂ ಆಗಲೇ ಕಂಡಿದ್ದು ಇದರದ್ದೇ ಒಂದು ರೂಪ ಎಂದು ತೋರಿಸಿಕೊಟ್ಟರು. ಮರುವರ್ಷ ಬೆರ್ರಿಯೇ ಪಂಚರತ್ನಂ ಫೇಸ್ ಕುರಿತು ಬರೆದರು. ಪಂಚರತ್ನಂ 1969ರಲ್ಲೇ ತೀರಿಕೊಂಡಿದ್ದರು. 1980ರಲ್ಲಿ ಎಣಿಕೆ ನೋಡಿ ಪಟ್ಟಿ ಮಾಡಿದ್ದರೆ ಈ ಪೇಪರ್ ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ.

ಇನ್ನೊಂದು ತುದಿ ನೋಡಿ. ಪ್ರೋಟೀನ್ ಅಳೆಯುವ ವಿಧಾನ ವಿವರಿಸುವ ಲೌರಿ ತಂಡದ 1951ರ ಪೇಪರ್‌ಗೆ ಮೂರು ಲಕ್ಷಕ್ಕೂ ಮೀರಿ ಸೈಟೇಶನ್ ಇವೆ. ಹರಳುಗಳ ರಚನೆ ಬಿಡಿಸುವ ಶೆಲ್‌ಎಕ್ಸ್ ತಂತ್ರಾಂಶದ ಬಗ್ಗೆ ಜಾರ್ಜ್ ಶೆಲ್‌ಡ್ರಿಕ್ 2008ರಲ್ಲಿ ಬರೆದ ಒಂದೇ ಲೇಖನದಿಂದ 'ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ'ಯ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಇತ್ತೀಚಿನ ಪೇಪರ್‌ಗಳಿಗೆ ಸರಾಸರಿ ಬಿದ್ದ ಸೈಟೇಶನ್) 2ರ ಆಸುಪಾಸಿನಿಂದ 2009ಕ್ಕೆ 49.9ಕ್ಕೆ ಹಾರಿತು. ಉಳಿದ ಪೇಪರ್‌ಗಳು ಇದ್ದಂತೆಯೇ ಇದ್ದವು. ಹಾಗಾಗಿ ಇಂಪ್ಯಾಕ್ಟ್ ಫ್ಯಾಕ್ಟರ್ ತೋರಿಸಿ ಬಿಡಿ ಪೇಪರ್ ಬಗ್ಗೆ ಮಾತಾಡುವವರನ್ನು ನಂಬಬೇಡಿ.

ನಾನು ಹೇಳುವ ಕ್ರಮ ಇದು. ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಎಂಬ ಸೈಟೇಶನ್ ದತ್ತಸಂಚಯದಲ್ಲಿ ಆ ಜರ್ನಲ್‌ನ ಪೇಪರ್‌ಗಳನ್ನು ಸೈಟೇಶನ್ ಪ್ರಕಾರ ಜೋಡಿಸಿ, ಮೊದಲ ಮೂವತ್ತನ್ನು ಬರೆದಿಟ್ಟುಕೊಳ್ಳಿ. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್‌ಗಳನ್ನೂ (ಜರ್ನಲ್‌ನಲ್ಲಿ ಬರುವ ಮೊದಲೇ ಹಂಚಿದ ಕರಡುಗಳನ್ನೂ) ಎಣಿಸುವುದರಿಂದ ಅಲ್ಲಿ ಸಂಖ್ಯೆ ದೊಡ್ಡದಾಗಿರುತ್ತದೆ. ಎರಡು ಕಡೆಯ ಅಂಕಿಗಳನ್ನು ಬೆರೆಸಬೇಡಿ, ನೋಡಿದ ದಿನಾಂಕ ಹಾಕಿಡಿ. ರಿವ್ಯೂ ಲೇಖನಗಳನ್ನು (ಹಿಂದಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ವಿವರಿಸುವಂಥವು) ಬೇರೆ ಗುಂಪು ಮಾಡಿ, ಅವಕ್ಕೆ ಸಹಜವಾಗಿಯೇ ಹೆಚ್ಚು ಬೀಳುತ್ತವೆ. ಗಣಿತದ ಪೇಪರನ್ನು ವೈದ್ಯಕೀಯದ ಪೇಪರ್ ಪಕ್ಕ ನಿಲ್ಲಿಸಿ ಅಳೆಯಬೇಡಿ. ಆಮೇಲೆ ಉಲ್ಟಾ ದಾರಿಯಿಂದಲೂ ಬನ್ನಿ: ಆ ಕ್ಷೇತ್ರದ ಪಠ್ಯಪುಸ್ತಕ, ರಿವ್ಯೂ, ವಿಜ್ಞಾನಿಗಳ ಜೀವನ ಸ್ಮರಣೆಗಳಲ್ಲಿ ಈ ಜರ್ನಲ್‌ನ ಹೆಸರು ಎಲ್ಲಿ ಬರುತ್ತದೆ ನೋಡಿ. ಪಂಚರತ್ನಂ ಥರದವರು ಸಿಗುವುದು ಹೀಗೆ.

ಸೋಸುವ ಕೆಲಸ ನಿಜವಾಗಿ ಶುರುವಾಗುವುದು ಇದಾದ ಮೇಲೆ. ಪ್ರತಿ ಪೇಪರನ್ನು ಉಲ್ಲೇಖಿಸಿದ ಹತ್ತು ಲೇಖನ ತೆರೆದು, ಉಲ್ಲೇಖವಿರುವ ಆ ಒಂದು ವಾಕ್ಯ ಓದಿ. 'ಪ್ರೋಟೀನನ್ನು ಲೌರಿ ವಿಧಾನದಿಂದ ಅಳೆಯಲಾಯಿತು' ಅಂದರೆ ಬಳಕೆ. 'ನೋಡಿ 4ರಿಂದ 11' ಎಂದು ಒಟ್ಟಿಗೆ ಹಾಕಿದ ಉಲ್ಲೇಖಗಳ ಸಾಲಿನಲ್ಲಿ ಸಿಕ್ಕಿದರೆ ಬರೀ ಹಾಜರಿ. 'ಇದನ್ನು ಮೊದಲು ತೋರಿಸಿದ್ದು ಇವರು, ಅದರಿಂದ ಇಂಥ ಕ್ಷೇತ್ರ ತೆರೆಯಿತು' ಎಂಬ ಮಾತಿದ್ದರೆ ಮಾತ್ರ ಅದು ನಿಮಗೆ ಬೇಕಾದ್ದು. ಅಂಥ ಮಾತು ಕನಿಷ್ಠ ಎರಡು ಕಡೆ ಸಿಗಬೇಕು, ಆಡಿದವರು ಲೇಖಕರಾಗಲಿ ಅವರ ಶಿಷ್ಯರಾಗಲಿ ಆ ಜರ್ನಲ್‌ನ ಸಂಪಾದಕರಾಗಲಿ ಆಗಿರಬಾರದು. ಜರ್ನಲ್ ತನ್ನ ವಾರ್ಷಿಕೋತ್ಸವಕ್ಕೆ ತಾನೇ ಮಾಡಿಕೊಂಡ 'ಶ್ರೇಷ್ಠ ಪೇಪರ್‌ಗಳು' ಪಟ್ಟಿ ಲೆಕ್ಕಕ್ಕಿಲ್ಲ, ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆಯಂತೂ ಇಲ್ಲವೇ ಇಲ್ಲ.

ಈ ಜರಡಿಯಲ್ಲಿ ಸಲೀಸಾಗಿ ಉಳಿಯುವುದು ಅಕಾಡೆಮಿಯ ಭೌತವಿಜ್ಞಾನ ಜರ್ನಲ್ 'ಪ್ರಮಾಣ'ದ 9ನೇ ಸಂಪುಟದಲ್ಲಿ, 1977ರಲ್ಲಿ, ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಬರೆದ ಪೇಪರ್. ದ್ರವ ಸ್ಫಟಿಕಕ್ಕೆ (ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಕ್ರಮವಾಗಿರುವ ಸ್ಥಿತಿಗೆ) ಕಡ್ಡಿಯಂಥ ಅಣುಗಳೇ ಬೇಕೆಂಬ ನಂಬಿಕೆಯಿದ್ದಾಗ ತಟ್ಟೆಯಾಕಾರದ ಅಣುಗಳಿಂದಲೂ ಆಗುತ್ತದೆ ಎಂದು ತೋರಿಸಿದ್ದು ಅದು. ಇಂಥ ಡಿಸ್ಕಾಟಿಕ್ (ತಟ್ಟೆಯಾಕಾರದ ಅಣುಗಳ) ದ್ರವ ಸ್ಫಟಿಕದ ಚರಿತ್ರೆ ಯಾರು ಬರೆದರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ಹುಷಾರು: ಈ ಚಂದ್ರಶೇಖರ್ ನೊಬೆಲ್ ಪಡೆದ ಖಭೌತ ವಿಜ್ಞಾನಿಯಲ್ಲ. ಇಬ್ಬರೂ 'ಎಸ್. ಚಂದ್ರಶೇಖರ್', ಇಬ್ಬರೂ ಸಿ.ವಿ. ರಾಮನ್ ಅವರಿಗೆ ಹತ್ತಿರದ ಬಂಧುಗಳು. ಲೇಖಕರ ಹೆಸರಿನಿಂದ ಹುಡುಕಿದರೆ ಎರಡೂ ಕಲಸಿಹೋಗುತ್ತವೆ, ಹಾಗಾಗಿ ಸಂಪುಟ ಮತ್ತು ಪುಟದಿಂದ ಹುಡುಕಿ. ಪ್ರೊಸೀಡಿಂಗ್ಸ್‌ನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಮೊಟಕುಗೊಳಿಸಿ ಬರೆದಿರುವುದರಿಂದ ಒಂದೇ ಪೇಪರ್‌ನ ಸೈಟೇಶನ್ ಎರಡು ಮೂರು ದಾಖಲೆಗಳಲ್ಲಿ ಹಂಚಿಹೋಗಿರುವುದೂ ಉಂಟು, ಕೂಡಿಸಿಕೊಳ್ಳಿ.

ಕೆಟ್ಟ ಹೆಸರಿನಿಂದ ಗಮನಾರ್ಹವಾದವೂ ಇವೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿದ ವೇಕ್‌ಫೀಲ್ಡ್ ಪೇಪರ್ 'ಲ್ಯಾನ್ಸೆಟ್'ನಲ್ಲಿ 1998ರಲ್ಲಿ ಬಂತು, 2010ರಲ್ಲಿ ಹಿಂತೆಗೆಯಲಾಯಿತು. ಅಂಥದ್ದನ್ನು ಪಟ್ಟಿಯಿಂದ ಬಿಡಬೇಡಿ, ಆದರೆ ಹಿಂತೆಗೆದದ್ದನ್ನು ಅದೇ ಸಾಲಿನಲ್ಲಿ ಬರೆಯಿರಿ.

ಸೋಸಿದ ಮೇಲೆ ಐದಾರು ಉಳಿದರೆ ಒಳ್ಳೆಯ ಪಟ್ಟಿ. ಒಂದೂ ಉಳಿಯದಿದ್ದರೆ ಬರಹದಲ್ಲಿ 'ಗಮನಾರ್ಹ ಪೇಪರ್‌ಗಳು' ಎಂಬ ಭಾಗವನ್ನೇ ಕೈಬಿಡಿ.