ಕಣ್ಣು ದೊಡ್ಡದಾದರೆ ತಪ್ಪೇನು, ಮಾಸ್ತರೇ?

ಮಾನ್ಯ ಸಂಪಾದಕರಿಗೆ,
ನಿಮ್ಮ ಯುಗಾದಿ ಸಂಚಿಕೆಯಲ್ಲಿ ‘ವಿಂಡ್ ವೇಕರ್’ ಎಂಬ ವಿಡಿಯೊ ಗೇಮ್ ಬಗ್ಗೆ ನಾಲ್ಕು ಪುಟ ಹಾಕಿದ್ದಿರಿ. ಅದನ್ನು ಓದಿದ ನನ್ನ ಮೊಮ್ಮಗ ಬೇಸಿಗೆ ಸೂಟಿ ಪೂರ್ತಿ ಅದರ ಮುಂದೆಯೇ ಕೂತ. ಒಂದು ದಿನ ನಾನೂ ಪಕ್ಕದಲ್ಲಿ ಕೂತು ನೋಡಿದೆ. ತಟ್ಟೆಯಷ್ಟು ದೊಡ್ಡ ಕಣ್ಣಿನ ಹುಡುಗ, ಮಾತಾಡುವ ದೋಣಿ, ಜಿಲೇಬಿಯಂತೆ ಸುತ್ತಿಕೊಂಡ ಹೊಗೆ. ಆಡಲೇಬೇಕೆಂದರೆ ನಿಜದಂತೆ ಕಾಣುವ ಆಟಗಳು ಎಷ್ಟೋ ಇವೆ. ಅವನ್ನು ಆಡಿದರೆ ಹುಡುಗ ನಾಲ್ಕು ವಿಷಯ ತಿಳಿದಾನು. ಈ ಕಾರ್ಟೂನು ಸಣ್ಣ ಮಕ್ಕಳಿಗೆ. ಅದೂ ಅಲ್ಲದೆ, ಸಮುದ್ರವನ್ನೇ ಕಾಣದ ನಮ್ಮ ಸೀಮೆಯವರಿಗೆ ಹಡಗಿನ ಕಥೆ ಯಾಕೆ?
– ನಿವೃತ್ತ ಮಾಸ್ತರರು, ಮುಧೋಳ

ಮಾಸ್ತರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಪ್ಪುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸೂಟಿ ಪೂರ್ತಿ ಟಿವಿ ಮುಂದೆ ಕೂರುವುದು ಒಳ್ಳೆಯದಲ್ಲ. ದಿನಕ್ಕೆ ಒಂದು ತಾಸು ಸಾಕು, ಆಮೇಲೆ ಹುಡುಗ ಹೊರಗೆ ಹೋಗಿ ಆಡಲಿ. ನೀವು ಮೊಮ್ಮಗನ ಪಕ್ಕದಲ್ಲಿ ಕೂತು ನೋಡಿದಿರಲ್ಲ, ಅದು ನನಗೆ ಬಹಳ ಹಿಡಿಸಿತು. ದೂರ ನಿಂತು ಬೈಯುವ ಅಜ್ಜಂದಿರೇ ಜಾಸ್ತಿ. ಹೊಗೆ ಜಿಲೇಬಿಯಂತಿದೆ ಅಂತ ಗುರುತು ಹಿಡಿದ ಕಣ್ಣು ನಿಮ್ಮದು. ಆ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆದರೆ ‘ಕಾರ್ಟೂನು ಸಣ್ಣ ಮಕ್ಕಳಿಗೆ’ ಅಂದಿರಿ ನೋಡಿ, ಅದನ್ನು ಓದಿ ಸುಮ್ನೆ ಇರೋಕೆ ನನಗೆ ಆಗಲ್ಲ.

ಇದೇ ಮಾತಿಗೆ ಈ ಆಟ ಹುಟ್ಟುವ ಮೊದಲೇ ಬೈಸಿಕೊಂಡಿತ್ತು. 2000ದಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ ಹೊಸ ಗೇಮ್‌ಕ್ಯೂಬ್ ಯಂತ್ರದ ಶಕ್ತಿ ತೋರಿಸಲು ಒಂದು ತುಣುಕು ಪ್ರದರ್ಶಿಸಿತು. ಲಿಂಕ್ ಎಂಬ ವೀರ, ಗ್ಯಾನನ್‌ಡಾರ್ಫ್ ಎಂಬ ಖಳ, ಇಬ್ಬರ ಕತ್ತಿ ಕಾಳಗ, ಎಲ್ಲವೂ ನಿಜದಂತೆ. ವಿಂಡ್ ವೇಕರ್ ಸೇರಿರುವ ‘ಜೆಲ್ಡಾ’ ಸರಣಿಯ ಅಭಿಮಾನಿಗಳು ಮುಂದಿನ ಆಟ ಹೀಗೇ ಬರುತ್ತೆ ಅಂತ ಕಾದು ಕೂತರು. 2001ರ ಆಗಸ್ಟ್‌ನಲ್ಲಿ ನಿಜವಾದ ಆಟ ತೋರಿಸಿದರು. ಪರದೆ ಮೇಲೆ ಬಂದವನು ನೀವು ನೋಡಿದ ಈ ಪುಟ್ಟ ಹುಡುಗ! ಜನ ಸಿಟ್ಟಾದರು. ‘ಸೆಲ್ಡಾ’ ಅಂತ ಅಡ್ಡಹೆಸರು ಇಟ್ಟರು. ನಿರ್ದೇಶಕ ಎಯ್ಜಿ ಆವೊನುಮಾ ಅವರ ತಂಡ ಹಿಂದೆ ಸರಿಯಲಿಲ್ಲ. 2002ರ ಡಿಸೆಂಬರ್‌ನಲ್ಲಿ ಆಟ ಜಪಾನಿನಲ್ಲಿ ಬಿಡುಗಡೆ ಆಯಿತು. ಅಲ್ಲಿನ ‘ಫಾಮಿತ್ಸು’ ಪತ್ರಿಕೆ ಅದಕ್ಕೆ 40ಕ್ಕೆ 40 ಅಂಕ ಕೊಟ್ಟಿತು.

ಈ ಚಿತ್ರಶೈಲಿಗೆ ಸೆಲ್ ಶೇಡಿಂಗ್ ಅನ್ನುತ್ತಾರೆ, ‘ಸೆಲ್ಡಾ’ದ ‘ಸೆಲ್’ ಬಂದದ್ದು ಇಲ್ಲಿಂದಲೇ. ಮಾಮೂಲಿ ಕಂಪ್ಯೂಟರ್ ಚಿತ್ರದಲ್ಲಿ ಬೆಳಕಿನಿಂದ ನೆರಳಿಗೆ ಬಣ್ಣ ಮೆಲ್ಲಗೆ ಇಳಿಯುತ್ತದೆ. ಇಲ್ಲಿ ಆ ಇಳಿಜಾರನ್ನು ಮೆಟ್ಟಿಲು ಮಾಡುತ್ತಾರೆ. ಇಷ್ಟು ಬೆಳಕು, ಇಷ್ಟು ನೆರಳು, ನಡುವೆ ಚೊಕ್ಕ ಅಂಚು. ಕುಂಚ ಹಿಡಿದವನು ಮಾಡುವುದೂ ಇದನ್ನೇ ಅಲ್ವಾ? ಆ ಕಾಲದಲ್ಲಿ ನಿಜದಂತೆ ಕಾಣುತ್ತವೆ ಅಂತ ಹೊಗಳಿಸಿಕೊಂಡ ಎಷ್ಟೋ ಆಟಗಳನ್ನು ಈಗ ನೋಡಿದರೆ ಮುಖಗಳು ಮಣ್ಣಿನ ಮುದ್ದೆಯಂತಿವೆ. ವಿಂಡ್ ವೇಕರ್‌ನ ಅಲೆ ಮಾತ್ರ ಇವತ್ತು ಬೆಳಿಗ್ಗೆ ಬರೆದಷ್ಟು ಹೊಸದಾಗಿದೆ.

ಇನ್ನು ಆ ತಟ್ಟೆ ಕಣ್ಣು. ಲಿಂಕ್ ಹೆಚ್ಚುಕಡಿಮೆ ಮಾತೇ ಆಡಲ್ಲ. ಪಕ್ಕದಲ್ಲಿ ಏನಾದರೂ ಮುಖ್ಯವಾದದ್ದು ಇದ್ದರೆ ಅವನ ಕಣ್ಣು ಅತ್ತ ಹೊರಳುತ್ತದೆ. ಆಡುವವರು ಅದನ್ನು ನೋಡಿ ತಿಳಿಯಬೇಕು. ಶುರುವಿನಲ್ಲೇ ಒಂದು ಕಡೆ ಅಜ್ಜಿ ಅವನ ಹುಟ್ಟುಹಬ್ಬಕ್ಕೆ ದಪ್ಪ ಹಸಿರು ಅಂಗಿ ಕೊಡುತ್ತಾಳೆ. ಹಳೆ ಕಾಲದ ವೀರ ಹಾಕುತ್ತಿದ್ದ ಅಂಗಿಯಂತೆ. ಬಿಸಿಲಿಗೆ ಅದು ಬೇಡವೇ ಬೇಡ. ಅಜ್ಜಿಯ ಮನಸ್ಸೂ ನೋಯಬಾರದು. ಆ ಎರಡೂ ಅವನ ಕಣ್ಣಿನಲ್ಲಿ ಒಮ್ಮೆಲೇ ಕಾಣುತ್ತವೆ. ಮುಂದೆ ಅವನ ತಂಗಿ ಅರಿಲ್‌ಳನ್ನು ದೊಡ್ಡ ಹಕ್ಕಿ ಎತ್ತಿಕೊಂಡು ಹೋಗುತ್ತದೆ. ಹುಡುಗ ಹುಡುಕಿಕೊಂಡು ಹೊರಡುತ್ತಾನೆ. ಎಷ್ಟೋ ದಿನದ ಮೇಲೆ ಮನೆಗೆ ಬಂದರೆ ಅಜ್ಜಿ ಮೊಮ್ಮಕ್ಕಳ ಚಿಂತೆಯಲ್ಲಿ ಬಡವಾಗಿ ಏನೋ ಕನವರಿಸುತ್ತಿದ್ದಾಳೆ. ಅವಳನ್ನು ಹುಷಾರು ಮಾಡಿದರೆ ಒಂದು ಬಾಟಲಿ ಸೂಪ್ ತುಂಬಿ ಕೊಡುತ್ತಾಳೆ. ಮೊಮ್ಮಗನನ್ನು ಕೇಳಿ ನೋಡಿ, ‘ಅಜ್ಜಿಯ ಸೂಪ್ ಕುಡಿದಿಯೇನೋ?’ ಅಂತ. ಅವನು ಹೇಗೆ ಕಣ್ಣರಳಿಸುತ್ತಾನೆ ನೋಡಿ.

ನಮ್ಮ ಜಿಲ್ಲೆಯವರಿಗೆ ಇದು ಹೊಸದೂ ಅಲ್ಲ. ನೀವು ಮಕ್ಕಳನ್ನು ಕಟ್ಟಿಕೊಂಡು ಬಾದಾಮಿಗೆ ಎಷ್ಟು ಸಲ ಪ್ರವಾಸ ಹೋಗಿದ್ದೀರೋ! ಮೊದಲನೇ ಗುಹೆಯಲ್ಲಿ 18 ಕೈಗಳ ನಟರಾಜನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಗುಹೆಯ ಜಗಲಿಯ ಕೆಳಗೆ, ಮೊಣಕಾಲೆತ್ತರದಲ್ಲಿ, ಗಣಗಳ ಸಾಲು ಇದೆ. ಗುಡಾಣದಂಥ ಹೊಟ್ಟೆ, ಗಿಡ್ಡ ಕಾಲು, ಉಬ್ಬಿದ ಕೆನ್ನೆ. ಒಬ್ಬ ಕುಣಿಯುತ್ತಾನೆ, ಇನ್ನೊಬ್ಬ ವಾದ್ಯ ಬಾರಿಸುತ್ತಾನೆ. ಸುಮಾರು 1,400 ವರ್ಷದ ಹಿಂದೆ ಅದನ್ನು ಕೆತ್ತಿದವನಿಗೆ ಮನುಷ್ಯರ ಅಳತೆ ಗೊತ್ತಿರಲಿಲ್ಲವೇ? ಮೇಲೆ ನಟರಾಜನನ್ನು ಕಡೆದವರೂ ಅದೇ ಕೈಯವರು. ನಗಿಸಬೇಕಾದ ಕಡೆ ಹೊಟ್ಟೆ ದೊಡ್ಡದು ಮಾಡಿದರು. ಆ ಸಾಲನ್ನು ನೋಡಲು ಕುಕ್ಕರಗಾಲಲ್ಲಿ ಕೂರಬೇಕು. ನಾನು ಪ್ರತಿ ಸಲ ಕೂರುತ್ತೇನೆ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ‘ಸಮುದ್ರ ಕಾಣದ ಸೀಮೆ’ ಅಂದಿರಲ್ಲ.

ಆ ಆಟದ ಸಮುದ್ರ ಮೊದಲಿನಿಂದ ಇದ್ದ ಸಮುದ್ರ ಅಲ್ಲ, ಮಾಸ್ತರೇ. ಅದರ ಕೆಳಗೆ ಹೈರೂಲ್ ಎಂಬ ಇಡೀ ರಾಜ್ಯ ಇದೆ. ಖಳನ ಕೈಗೆ ನೆಲ ಸಿಗಬಾರದು ಅಂತ ದೇವರೇ ಮಳೆ ಸುರಿಸಿ ಮುಳುಗಿಸಿದ. ಜನ ಬೆಟ್ಟದ ತುದಿಗೆ ಹತ್ತಿದರು. ಆ ತುದಿಗಳೇ ಈಗ ದ್ವೀಪಗಳು. ನಕ್ಷೆಯಲ್ಲಿ 49 ಚೌಕ, ಏಳು ಸಾಲು ಏಳು ಕಂಬ. ದ್ವೀಪಗಳಲ್ಲಿ ಹುಟ್ಟಿ ಬೆಳೆದವರಿಗೆ ಕೆಳಗೆ ಊರು ಇದ್ದದ್ದು ಬರೀ ಕಥೆ. ನೀವು ನೋಡಿದ ಮಾತಾಡುವ ಕೆಂಪು ದೋಣಿ ಬೇರೆ ಯಾರೂ ಅಲ್ಲ, ಮುಳುಗಿದ ರಾಜ್ಯದ ರಾಜ.

ನಾನು ಬಾಗಲಕೋಟೆಯವನು. ನಮ್ಮೂರನ್ನು ಮುಳುಗಡೆ ನಗರಿ ಅನ್ನುತ್ತಾರೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದಾಗ ನಮ್ಮ ಮನೆ ಖಾಲಿಯಾಗಿತ್ತು. ದೂರದ ಜಪಾನಿನಲ್ಲಿ ಈ ಆಟ ಕಟ್ಟುತ್ತಿದ್ದ ಕಾಲಕ್ಕೇ ಇಲ್ಲಿ ಘಟಪ್ರಭೆಯ ದಂಡೆಯ ನಮ್ಮ ಓಣಿಗೆ ಹಿನ್ನೀರು ಬರುತ್ತಿತ್ತು. ಆ ನೀರಿನಿಂದ ಎಷ್ಟೋ ಊರಿನ ಹೊಲ ಹಸಿರಾಗಿವೆ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಮುಳುಗಿದವರಿಗೆ ಮುಳುಗಿದ್ದು ಮುಳುಗಿದ್ದೇ. 524.256 ಮೀಟರ್‌ಗೆ ಏರಿಸುವ ಮಾತು ಬಂದಾಗಲೆಲ್ಲ ಇನ್ನಷ್ಟು ಊರಿನವರ ಎದೆ ಹೊಡೆದುಕೊಳ್ಳುತ್ತದೆ.

ಮನೆ ಬಿಡುವ ಮೊದಲು ಒಂದು ಕಚೇರಿಯವರು ಬಂದು ಟೇಪು ಹಿಡಿದು ಅಳೆದರು. ಪಡಸಾಲೆ ಇಷ್ಟು ಅಡಿ, ಅಡಿಗೆ ಮನೆ ಇಷ್ಟು ಅಡಿ, ಬಾಗಿಲು ನಾಲ್ಕು, ಕಿಟಕಿ ಮೂರು, ಬೇವಿನ ಮರ ಒಂದು. ಒಂದು ಫೋಟೊ ಕೂಡ ತೆಗೆದರು. ಎಲ್ಲ ಸರಿಯಾಗಿತ್ತು, ಒಂದು ಇಂಚೂ ಹೆಚ್ಚುಕಡಿಮೆ ಇರಲಿಲ್ಲ. ದೊಡ್ಡ ಬಾಗಿಲ ಪಕ್ಕದ ದೀಪದ ಮಾಡ ಮಾತ್ರ ಆ ಕಾಗದದಲ್ಲಿ ಎಲ್ಲೂ ಬರಲಿಲ್ಲ. ಆಯಿ ದಿನಾ ಸಂಜೆ ಸೆರಗಿನಿಂದ ಒರೆಸಿ ದೀಪ ಇಡುತ್ತಿದ್ದ ಮಾಡ ಅದು. ಒರೆಸಿ ಒರೆಸಿ ಕಲ್ಲು ಕನ್ನಡಿಯಂತೆ ಆಗಿತ್ತು, ಮೇಲೆ ಮಾತ್ರ ಮಸಿ.

ನವನಗರಕ್ಕೆ ಬಂದ ಮೇಲೆ ಆಯಿಗೆ ಫೋಟೊ ತೋರಿಸಿದೆವು. ನೋಡಿ ಪಕ್ಕಕ್ಕೆ ಇಟ್ಟಳು. ‘ಯಾರ ಮನಿ ಇದು?’ ಅಂದಳು. ಆಗ ನನ್ನ ಕಿರಿಯ ತಂಗಿ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬಣ್ಣದ ಸೀಸದಲ್ಲಿ ಒಂದು ಚಿತ್ರ ಬಿಡಿಸಿದ್ದಳು. ಮನೆಗಿಂತ ಬಾಗಿಲು ದೊಡ್ಡದು. ಬಾಗಿಲಿನಷ್ಟೇ ದೊಡ್ಡದು ದೀಪದ ಮಾಡ. ಮಾಳಿಗೆ ಮೇಲೆ ಎಮ್ಮೆಯಷ್ಟು ದೊಡ್ಡ ಬೆಕ್ಕು. ಆಯಿ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ಇದು ನೋಡ ನಮ್ಮ ಮನಿ’ ಅಂದಳು. ಅವಳು ಇರುವವರೆಗೂ ಅದು ಗೋಡೆ ಮೇಲೆ ಇತ್ತು.

ಅದಕ್ಕೇ ಹೇಳುತ್ತೇನೆ, ಇದ್ದಂಗೆ ತೋರಿಸೋದು ಬೇರೆ, ಕಂಡಂಗೆ ತೋರಿಸೋದು ಬೇರೆ.

ವಿಂಡ್ ವೇಕರ್ ಆಟವನ್ನು ನನಗೆ ತೋರಿಸಿದವನು ಅಕ್ಕನ ಮಗ. ಹೊರದೇಶದಿಂದ ಬರುವಾಗ 2013ರ ಆವೃತ್ತಿ ತಂದಿದ್ದ. ಹುಡುಗ ಮೊದಲ ಸಲ ನೀರಿನ ತಳಕ್ಕೆ ಇಳಿಯುತ್ತಾನಲ್ಲ, ಆ ಜಾಗ ಬಂದಾಗ ಕಂಟ್ರೋಲರ್ ನನ್ನ ಕೈಯಲ್ಲಿತ್ತು. ಅರಮನೆಯ ಬಾಗಿಲು ತೆರೆದರೆ ಒಳಗೆ ಬಣ್ಣವೇ ಇಲ್ಲ. ಎಲ್ಲ ಕಪ್ಪು ಬಿಳುಪು. ದೈತ್ಯರು ಕತ್ತಿ ಎತ್ತಿದ ಹಾಗೇ ನಿಂತಿದ್ದಾರೆ. ನೀರು ಬಂದ ಗಳಿಗೆಯಲ್ಲೇ ಕಾಲ ನಿಂತುಹೋಗಿದೆ. ನಾನು ಆಡುವುದನ್ನು ಮರೆತು ನೋಡುತ್ತಾ ಕೂತೆ. ಅಳಿಯ ‘ಮಾಮಾ, ಮುಂದ ಹೋಗ್ರಿ’ ಅಂದ. ನನಗೆ ನಮ್ಮ ಓಣಿ ಕಾಣುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ನೋಡಿದ್ದೇನೆ. ಕೆಸರು ಮೆತ್ತಿದ ಅಡಿಪಾಯದ ಕಲ್ಲು, ಎಲ್ಲ ಒಂದೇ ಬೂದು ಬಣ್ಣ. ಆಟದಲ್ಲಿ ಹುಡುಗ ಕತ್ತಿಯನ್ನು ಕಿತ್ತ ಕೂಡಲೇ ಬಣ್ಣ ಮರಳುತ್ತದೆ. ಕೊನೆಯಲ್ಲಿ ರಾಜ, ಈ ಹಳೆ ನೆಲವನ್ನು ನೀರು ತೊಳೆದುಹಾಕಲಿ, ಮಕ್ಕಳಿಗೆ ಮುಂದಿನ ದಿನ ಸಿಗಲಿ ಅಂತ ಬೇಡಿ ತಾನು ಅಲ್ಲೇ ಉಳಿಯುತ್ತಾನೆ. ನಮ್ಮ ಆಯಿ ಹಾಗೆ ಬೇಡುತ್ತಿದ್ದಳೋ ಇಲ್ಲವೋ, ನನಗೆ ಇನ್ನೂ ತೀರ್ಮಾನ ಮಾಡಲು ಆಗಿಲ್ಲ. ಕಾರ್ಟೂನು ಚಿತ್ರದ ಒಂದು ಆಟ ಇಂಥ ಪ್ರಶ್ನೆ ಎತ್ತಿತು ಅಂದರೆ ಅದನ್ನು ಸಣ್ಣ ಮಕ್ಕಳದು ಅಂತ ಹೇಗೆ ಬಿಡಲಿ?

ಹಡಗಿನ ಮಾತಿಗೂ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ 634ರ ಶಾಸನ ಇದೆ. ಪಡುವಣ ಕಡಲಿನ ಪುರಿ ಎಂಬ ಪಟ್ಟಣದ ಮೇಲೆ ಇಮ್ಮಡಿ ಪುಲಿಕೇಶಿ ಮದ್ದಾನೆಗಳಂಥ ನೂರಾರು ನಾವೆಗಳನ್ನು ನುಗ್ಗಿಸಿದ ಅಂತ ಅದರಲ್ಲಿ ಬರೆದಿದೆ. ಬಾದಾಮಿಯ ಕೆಂಪು ಬಂಡೆಯ ನಡುವೆ ಆಳಿದ ರಾಜ! ಆ ಕವಿ ಹಡಗನ್ನು ಆನೆ ಮಾಡಿದ. ನಮ್ಮ ಸೀಮೆಯವರಿಗೆ ಹಡಗು ಕಾಣಿಸಲು ಇದಕ್ಕಿಂತ ಒಳ್ಳೆ ದಾರಿ ಯಾವುದಿದೆ ಹೇಳಿ. ಈ ಆಟದವರು ದೋಣಿಯ ಮೂತಿಗೆ ಸಿಂಹದ ಮುಖ ಇಟ್ಟಿದ್ದಾರೆ.

‘ನಾಲ್ಕು ವಿಷಯ’ ಕೇಳಿದಿರಿ. ಗಾಳಿ ಯಾವ ಕಡೆ ಬೀಸಿದರೆ ಹಾಯಿ ತುಂಬುತ್ತೆ, ನಿಮ್ಮ ಮೊಮ್ಮಗನಿಗೆ ಈಗ ಗೊತ್ತು. ಸಣ್ಣ ಕೋಲನ್ನು ಮೇಲೆ, ಎಡಕ್ಕೆ, ಬಲಕ್ಕೆ ಆಡಿಸಿ ಗಾಳಿಯ ದಿಕ್ಕು ತಿರುಗಿಸುತ್ತಾನೆ. ನಕ್ಷೆ ಓದುತ್ತಾನೆ. ಹಳೆ ಆವೃತ್ತಿಯಾದರೆ ಟಿಂಗಲ್ ಎಂಬವನಿಗೆ ಎಂಟು ನಕ್ಷೆಗಳ ಗುಟ್ಟು ಬಿಡಿಸಲು ತಲಾ 398 ರುಪೀ (ಆಟದೊಳಗಿನ ಹಣ) ಕೊಡಬೇಕು. ಒಟ್ಟು ಎಷ್ಟು ಅಂತ ಕೇಳಿ, ಥಟ್ಟನೆ 3,184 ಅಂತಾನೆ.

ನನ್ನ ಬೇಸರ ನಿಮ್ಮ ಮೇಲೆ ಅಲ್ಲ. ನಾನು ಕಲಿತ ಶಾಲೆಯೊಂದರಲ್ಲಿ ಮುತ್ಯಾನ ಚಿತ್ರ ಬರೆದು ದೊಡ್ಡ ಮೀಸೆ ಹಾಕಿದ್ದೆ. ‘ಮೀಸಿ ಹಿಂಗ ಇರ್ತಾವೇನು?’ ಅಂತ ಹಾಳೆ ಹರಿದು ಕೈಗೆ ಕೊಟ್ಟರು. ಇವತ್ತಿಗೂ ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಚಿತ್ರಕಲೆಯ ಪಿರಿಯಡ್. ಆ ಜಾಗಕ್ಕೆ ಗಣಿತ ಬಂದು ಕೂರುತ್ತದೆ. ನಮ್ಮ ಪೇಟೆಯಲ್ಲಿ ಬೋರ್ಡ್ ಬರೆಯುತ್ತಿದ್ದ ಪೇಂಟರ್‌ಗಳು ಒಬ್ಬೊಬ್ಬರಾಗಿ ಕುಂಚ ಇಟ್ಟುಬಿಟ್ಟರು. ಅವರು ಬರೆದ ಹಾಲಿನ ಅಂಗಡಿಯ ಹಸು ನಗುತ್ತಿತ್ತು. ಈಗ ಫ್ಲೆಕ್ಸ್‌ನಲ್ಲಿ ನಿಜವಾದ ಹಸುವಿನ ಫೋಟೊ ಇದೆ, ಅದರ ಮುಖ ಯಾರಿಗೂ ನೆನಪಿರಲ್ಲ. ಹೆಬ್ಬಾಗಿಲ ಮೇಲೆ ಸುಣ್ಣದಲ್ಲಿ ಆನೆ ಬರೆಯುತ್ತಿದ್ದ ಹೆಂಗಸರೂ ಕಡಿಮೆಯಾದರು, ಅಂಟಿಸುವ ಸ್ಟಿಕರ್ ಬಂತು. ಎಲ್ಲವೂ ನಿಜದಂತೆ, ಎಲ್ಲವೂ ಒಂದೇ ಥರ. ಈ ನಡುವೆ ಒಬ್ಬ ಹುಡುಗ ದೊಡ್ಡ ಕಣ್ಣಿನ ಚಿತ್ರ ನೋಡಿ ಮನಸೋತರೆ ನಾವು ಅವನನ್ನು ಬೈಯಬೇಕೇ? ನೀವು 30–40 ವರ್ಷ ಮಕ್ಕಳ ಮುಂದೆ ನಿಂತವರು. ಕಪ್ಪುಹಲಗೆ ಮೇಲೆ ಸೂರ್ಯನಿಗೆ ಎಂದೂ ಕಣ್ಣು ಮೂಗು ಬರೆದಿಲ್ಲವೇ?

ಒಂದು ಭಾನುವಾರ ಬಾದಾಮಿಗೆ ಬನ್ನಿ, ಮೊಮ್ಮಗನನ್ನೂ ಕರೆತನ್ನಿ. ಆ ಗಣಗಳ ಸಾಲಿನ ಮುಂದೆ ಮೂವರೂ ಕೂರೋಣ. ಬರುವ ಮೊದಲು ಅವನಿಂದ ನಿಮ್ಮ ಮನೆಯ ಒಂದು ಚಿತ್ರ ಬರೆಸಿ ಕಳಿಸಿ. ಸ್ಕೇಲ್ ಮುಟ್ಟಬೇಡ ಅಂತ ಹೇಳಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಅರ್ಧ ಪುಟ ತೆಗೆದಿಟ್ಟಿದ್ದೇನೆ.

– ಸಂಪಾದಕ