ಹಕ್ಕಾ ಗೋಡೆ, ಬೆಂಗಳೂರಿನ ಕೆಮ್ಮಣ್ಣು: ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಚೀನಾದ ಹಕ್ಕಾ ಜನರ ದುಂಡನೆಯ ಮಣ್ಣಿನ ಮನೆಗಳ ಚಿತ್ರ ನೋಡಿದೆ. ಮುನ್ನೂರು ವರ್ಷದಿಂದ ನಿಂತಿವೆಯಂತೆ. ನಮ್ಮ 30×40 ಸೈಟಿನಲ್ಲಿ ಅಂಥ ದಪ್ಪ ಗೋಡೆಯ ಮನೆ ಕಟ್ಟಬಹುದೇ?
– ಓದುಗರು, ಕನಕಪುರ ರಸ್ತೆ

ಹಕ್ಕಾ ಅಂದರೆ ನಮ್ಮಲ್ಲಿ ನೂಡಲ್ಸ್ ಅಷ್ಟೇ ಅಂದುಕೊಂಡವರೇ ಹೆಚ್ಚು. ಗೋಡೆಯ ಬಗ್ಗೆ ಕೇಳಿದ್ದು ಸಂತೋಷ. ಮೊದಲು ಲೆಕ್ಕ ಹಾಕೋಣ. ಫುಜಿಯನ್ ಪ್ರಾಂತ್ಯದ ಈ 'ತುಲೋ'ಗಳ ಹೊರಗೋಡೆ 1.8 ಮೀಟರ್‌ವರೆಗೂ ದಪ್ಪ ಇರುತ್ತದೆ, ಹೆಚ್ಚುಕಡಿಮೆ ಆರಡಿ. ನಿಮ್ಮ 30 ಅಡಿ ಅಗಲದಲ್ಲಿ ಎರಡೂ ಕಡೆ ಆರಾರು ಅಡಿ ಗೋಡೆಗೇ ಹೋದರೆ ಉಳಿಯುವುದು 18. ಸೆಟ್‌ಬ್ಯಾಕ್, ಅಂದರೆ ನಿಯಮದಂತೆ ಮನೆಯ ಸುತ್ತ ಬಿಡಬೇಕಾದ ಜಾಗ ಕಳೆದ ಮೇಲೆ ಮಂಚ ಹಾಕಲು ಜಾಗ ಹುಡುಕಬೇಕಾಗುತ್ತದೆ.

ಅವರಿಗೆ ಆ ದಪ್ಪ ಬೇಕಿತ್ತು. ದರೋಡೆಕೋರರ ಭಯ, ಮೂರು ನಾಲ್ಕು ಅಂತಸ್ತಿನ ಎತ್ತರ, ಸಿಮೆಂಟ್ ಕಾಣದ ಮಣ್ಣು. 1709ರ ಚೆಂಗ್‌ಚಿ ಲೋ ಬಳೆಯೊಳಗೆ ಬಳೆಯಿಟ್ಟಂತೆ ನಾಲ್ಕು ಸುತ್ತಿನ ಮನೆ. ಒಂದು ಮನೆತನವೇ ಅದರೊಳಗೆ ಬಾಳಿತು. ನೆಲಮಟ್ಟದಲ್ಲಿ ಅಡುಗೆ, ಅದರ ಮೇಲೆ ಕಣಜ, ಇನ್ನೂ ಮೇಲೆ ಮಲಗುವ ಕೋಣೆಗಳು. ಕೆಳಗೆ ಹೊರಗಡೆಗೆ ಕಿಟಕಿಯೇ ಇಲ್ಲ. ಬೆಳಕು ಬರುವುದು ನಡುವಿನ ಅಂಗಳದಿಂದ, ನಮ್ಮ ತೊಟ್ಟಿ ಮನೆಯ ಹಾಗೆ. ಇನ್ನು ದುಂಡಗಿದ್ದರೇ ಹಕ್ಕಾ ಎಂಬ ಭ್ರಮೆಯೂ ಬೇಡ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ 46 ಕಟ್ಟಡಗಳಲ್ಲಿ ಚೌಕದವೂ ಇವೆ.

ಅವರಿಂದ ಕಲಿಯಬೇಕಾದದ್ದು ಎರಡು. ಗೋಡೆಯ ಬುಡ ಕಲ್ಲಿನದು, ಮಣ್ಣು ಶುರುವಾಗುವುದು ನೆಲದಿಂದ ಮೇಲೆ. ಹೆಂಚಿನ ಮಾಡು ಗೋಡೆಯಿಂದ ಬಹಳ ಆಚೆ ಚಾಚಿದೆ. ಇವೆರಡೂ ಇಲ್ಲದಿದ್ದರೆ ಆರಡಿ ದಪ್ಪದ ಗೋಡೆಯೂ ಮಳೆಗೆ ಕರಗುತ್ತದೆ. ನಿಮ್ಮ ಮನೆಗೆ ದಿಮ್ಮಸು ಹಾಕಿದ ಗೋಡೆ, ಅಂದರೆ ಸಿಮೆಂಟ್ ಬೆರೆಸಿದ ತೇವದ ಮಣ್ಣನ್ನು ಹಲಗೆಗಳ ನಡುವೆ ಪದರ ಪದರವಾಗಿ ಬಡಿದು ಬಿಗಿ ಮಾಡಿದ್ದು, 230 ಮಿ.ಮೀ. (ಒಂಬತ್ತಿಂಚು) ದಪ್ಪ ಇದ್ದರೆ ಸಾಕು. ಅದರಡಿಯಲ್ಲಿ ನೆಲದಿಂದ 450 ಮಿ.ಮೀ. ಎತ್ತರ ಸೈಜುಗಲ್ಲಿನ ಪಾಯ, ಮೇಲೆ ಎರಡರಿಂದ ಎರಡೂವರೆ ಅಡಿ ಚಾಚಿದ ಸೂರು. ಎರಡು ಅಂತಸ್ತು ಕಟ್ಟುವುದಾದರೆ ಎಂಜಿನಿಯರ್ ಲೆಕ್ಕ ಮಾಡಿಕೊಡಲಿ. ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ತಲೆಯ ಮೇಲೆ, ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿಸುವುದನ್ನು ಮರೆಯಬೇಡಿ.

ಪಾಯ ತೋಡಿದ ಕೆಮ್ಮಣ್ಣು ರಾಶಿ ಬಿದ್ದಿದೆ. ಟಿಪ್ಪರ್‌ನವರಿಗೆ ದುಡ್ಡು ಕೊಟ್ಟು ಸಾಗಿಸುವ ಬದಲು ಅದರಲ್ಲೇ ಗೋಡೆ ಕಟ್ಟಬಹುದೇ? ಏನು ಬೆರೆಸಬೇಕು, ಎಷ್ಟು?
– ಓದುಗರು, ಯಲಹಂಕ

ಬಹುತೇಕ ಕಟ್ಟಬಹುದು. ಮೇಲಿನ ಒಂದಡಿ ಮಣ್ಣನ್ನು ಮಾತ್ರ ಬೇರೆ ಇಡಿ. ಬೇರು, ಗೊಬ್ಬರ ಇರುವ ಮಣ್ಣು ತೋಟಕ್ಕೇ ಸರಿ. ಅದರ ಕೆಳಗಿನ ಬೆಂಗಳೂರು ಕೆಮ್ಮಣ್ಣಿನ ಜೇಡಿ ಎರೆಮಣ್ಣಿನ ಹಾಗೆ ನೀರು ಕುಡಿದು ಉಬ್ಬುವ ಜಾತಿಯಲ್ಲ, ಹಾಗಾಗಿ ಸಿಮೆಂಟಿನ ಜೊತೆ ಹೊಂದಿಕೊಳ್ಳುತ್ತದೆ. ತೊಂದರೆ ಏನೆಂದರೆ ಜೇಡಿಯ ಪ್ರಮಾಣ ಜಾಸ್ತಿ.

ಮನೆಯಲ್ಲೇ ನೋಡುವ ವಿಧಾನ: ನೇರ ಬದಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲಕ್ಕೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಮೇಜಿನ ಮೇಲಿಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಅದರ ಮೇಲೆ ನಿಧಾನವಾಗಿ ಸಣ್ಣ ಹುಡಿ. ಮಾರನೇ ದಿನಕ್ಕೆ ಎಲ್ಲಕ್ಕಿಂತ ಮೇಲೆ ನುಣುಪಾದ ಜೇಡಿಯ ಪದರ. ಸ್ಕೇಲ್ ಹಿಡಿದು ಅಳೆಯಿರಿ. ನೀರಲ್ಲಿ ಜೇಡಿ ಉಬ್ಬಿ ಕಾಣುವುದರಿಂದ ಇದು ಅಂದಾಜು ಮಾತ್ರ. ಖಚಿತ ಪ್ರಮಾಣಕ್ಕೆ ಮಣ್ಣು ಪರೀಕ್ಷಾಲಯವೇ ಬೇಕು. ಸಿಮೆಂಟ್ ಬೆರೆಸುವ ಗೋಡೆಗೆ ಜೇಡಿ ಶೇ. 15ರ ಆಸುಪಾಸು ಇರಬೇಕು. ನಿಮ್ಮ ಮಣ್ಣಿನಲ್ಲಿ ಶೇ. 30 ಬಂದರೆ ಲೆಕ್ಕ ಸುಲಭ: ಒಂದು ಬಾಣಲಿ ಮಣ್ಣಿಗೆ ಒಂದು ಬಾಣಲಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಅಥವಾ ಕ್ರಷರ್ ಪುಡಿ. 'ನಮ್ಮ ಮಣ್ಣು ಗಟ್ಟಿ, ಮರಳು ಯಾಕೆ' ಅನ್ನುವ ಮೇಸ್ತ್ರಿ ಸಿಗುತ್ತಾರೆ. ಒಪ್ಪಬೇಡಿ. ಜೇಡಿ ಒಣಗುವಾಗ ಕುಗ್ಗುತ್ತದೆ, ಗೋಡೆ ಉದ್ದಕ್ಕೆ ಸೀಳು ಬಿಡುತ್ತದೆ.

ಹತ್ತಡಿ ಉದ್ದ, ಹತ್ತಡಿ ಎತ್ತರ, ಒಂಬತ್ತಿಂಚು ದಪ್ಪದ ಒಂದು ಗೋಡೆ ಎರಡು ಘನ ಮೀಟರ್‌ಗೆ ಸ್ವಲ್ಪ ಮೇಲಾಗುತ್ತದೆ. ದಿಮ್ಮಸು ಹಾಕಿದ ಮೇಲೆ ಘನ ಮೀಟರ್‌ಗೆ ಒಣ ತೂಕ ಸುಮಾರು 1,800 ಕೆ.ಜಿ. ಇರಬೇಕು. ಹಾಗಾಗಿ ಈ ಒಂದು ಗೋಡೆಗೇ ಮೂರೂಮುಕ್ಕಾಲು ಟನ್ ಮಾಲು ಬೇಕು. ತೂಕದಲ್ಲಿ ಶೇ. 8 ಸಿಮೆಂಟ್ ಎಂದರೆ ಆರು ಮೂಟೆಯ ಹತ್ತಿರ. ರಾಶಿ ಮಣ್ಣು ಸಡಿಲವಾಗಿರುತ್ತದೆ, ಮರಳೂ ಸೇರಿ ಗೋಡೆಯ ಗಾತ್ರದ ಒಂದೂವರೆ ಪಟ್ಟು ಇಟ್ಟುಕೊಳ್ಳಿ.

ಮಣ್ಣನ್ನು 5 ಮಿ.ಮೀ. ಜರಡಿಯಲ್ಲಿ ಸೋಸಿ, ಮರಳು, ಸಿಮೆಂಟ್ ಒಣದಲ್ಲೇ ಬಣ್ಣ ಒಂದಾಗುವವರೆಗೆ ತಿರುವಿ, ಆಮೇಲೆ ನೀರು ಚಿಮುಕಿಸಿ. ಸುರಿಯಬಾರದು. ಕೆಲಸ ಕೆಡುವುದು ಇಲ್ಲೇ. ಹಳೇ ಮೈಸೂರು ಸೀಮೆಯಲ್ಲಿ ಮಣ್ಣನ್ನು ತುಳಿದು ಮುದ್ದೆ ಮಾಡಿ ಗೋಡೆ ಇಡುವ ರೂಢಿ ಕಂಡವರು ಇದನ್ನೂ ಹಾಗೇ ಕಲಸಿಬಿಡುತ್ತಾರೆ. ಮುದ್ದೆ ಗೋಡೆಗೆ ಕೆಸರು ಬೇಕು, ದಿಮ್ಮಸಿನ ಗೋಡೆಗೆ ಬರೀ ತೇವ. ಒಂದು ಹಿಡಿ ತಗೊಂಡು ಉಂಡೆ ಕಟ್ಟಿ, ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಸರಿ. ಪುಡಿಪುಡಿಯಾದರೆ ನೀರು ಕಮ್ಮಿ, ಚಪ್ಪಟೆಯಾಗಿ ಕೂತರೆ ಜಾಸ್ತಿ. ಹದವಾದ ಮಾಲಿನಲ್ಲಿ 100 ಕೆ.ಜಿ.ಗೆ ಒಟ್ಟು ತೇವ ಹತ್ತು ಹನ್ನೊಂದು ಲೀಟರ್, ಮಣ್ಣಿನಲ್ಲಿ ಮೊದಲೇ ಇದ್ದ ಪಸೆಯೂ ಸೇರಿ. ಮಳೆಗಾಲದಲ್ಲಿ ರಾಶಿಗೆ ಟಾರ್ಪಾಲ್ ಹೊದಿಸದಿದ್ದರೆ ಈ ಲೆಕ್ಕ ದಿನವೂ ತಪ್ಪುತ್ತದೆ. ನೀರು ಹಾಕಿದ ಮಾಲು ಒಂದು ಗಂಟೆಯೊಳಗೆ ಗೋಡೆ ಸೇರಬೇಕು. ಊಟಕ್ಕೆ ಹೋಗಿ ಬಂದು ಹಾಕುವ ಮಾಲಲ್ಲ.

ಹಕ್ಕಾ ಗೋಡೆಗೆ ಅಂಟು ಅಕ್ಕಿಯ ಗಂಜಿ, ಬೆಲ್ಲ ಹಾಕುತ್ತಿದ್ದರಂತೆ. ನಾವೂ ಸಿಮೆಂಟ್ ಮಣ್ಣಿಗೆ ಬೆಲ್ಲದ ನೀರು ಸೇರಿಸಿದರೆ ಇನ್ನೂ ಗಟ್ಟಿಯಾಗುವುದಿಲ್ಲವೇ?
– ಓದುಗರು, ಬನಶಂಕರಿ

ಖಂಡಿತ ಬೇಡ. ಅವರು ಹಾಕುತ್ತಿದ್ದದ್ದು ಜೇಡಿ, ಮರಳು, ಸುಣ್ಣ ಬೆರೆತ ಮಣ್ಣಿಗೆ. ಒಳಗೆ ಬಿದಿರಿನ ಸೀಳುಗಳನ್ನೂ ಅಡ್ಡಕ್ಕೆ ಇಡುತ್ತಿದ್ದರು. ನಮ್ಮ ಹಳೆಯ ಸುಣ್ಣದ ಗಾರೆಗೂ ಬೆಲ್ಲ, ಅಳಲೆಕಾಯಿ ನೀರು ಸೇರುತ್ತಿತ್ತು. ಸುಣ್ಣಕ್ಕೆ ಸಿಹಿ ಒಗ್ಗುತ್ತದೆ, ಸಿಮೆಂಟಿಗೆ ಒಗ್ಗುವುದಿಲ್ಲ. 50 ಕೆ.ಜಿ. ಮೂಟೆಗೆ 25 ಗ್ರಾಂ ಸಕ್ಕರೆ ಬಿದ್ದರೆ ಸಾಕು, ಸಿಮೆಂಟ್ ಬಿಗಿಯುವುದು ಗಂಟೆಗಟ್ಟಲೆ ತಡವಾಗುತ್ತದೆ. ಅದರ ಹತ್ತು ಪಟ್ಟು ಬಿದ್ದರೆ ಬಿಗಿಯುವುದೇ ನಿಂತುಹೋಗಬಹುದು. ಬೆಲ್ಲ ಪಾಯಸಕ್ಕಿರಲಿ.

ಷಟ್ಟರಿಂಗ್ ಹಲಗೆ ಬಿಚ್ಚಿದಾಗ ಗೋಡೆಯಲ್ಲಿ ಅಡ್ಡಡ್ಡ ಸಾಲಾಗಿ ತೂತು ತೂತು, ಕೈಯಾಡಿಸಿದರೆ ಕಾಳು ಉದುರುತ್ತದೆ. ಪ್ರತಿ ಪದರದ ಮೇಲ್ಭಾಗ ಮಾತ್ರ ನುಣುಪಾಗಿದೆ. ಏನು ತಪ್ಪಾಯಿತು?
– ಓದುಗರು, ಹೊಸಕೋಟೆ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಮೇಲ್ಭಾಗ ನುಣುಪು, ತಳ ಜಾಳು ಅಂದರೆ ಒಂದೇ ಸಲಕ್ಕೆ ಹೆಚ್ಚು ಮಣ್ಣು ಸುರಿದಿದ್ದಾರೆ; ದಿಮ್ಮಸಿನ ಪೆಟ್ಟು ಕೆಳಗಿನ ತನಕ ಇಳಿದಿಲ್ಲ. ಸಡಿಲ ಮಣ್ಣು ಆರಿಂಚಿಗಿಂತ ಹೆಚ್ಚು ಹಾಕಬಾರದು. ಬಡಿದ ಮೇಲೆ ಅದು ನಾಲ್ಕಿಂಚಿಗೆ ಇಳಿಯಬೇಕು. ಹಲಗೆಯ ಒಳಮೈಗೆ ನಾಲ್ಕಿಂಚಿಗೊಂದು ಗೆರೆ ಎಳೆದಿಟ್ಟರೆ ವಾದಕ್ಕೆ ಎಡೆಯಿಲ್ಲ. ಕೈ ದಿಮ್ಮಸು ಆರೇಳು ಕೆ.ಜಿ. ಇರಲಿ, ಮೊದಲು ಅಂಚು, ಮೂಲೆ, ಆಮೇಲೆ ನಡು. ಶುರುವಿಗೆ 'ಧಪ್ ಧಪ್' ಅನ್ನುವ ಮಣ್ಣು ಬಿಗಿಯಾದಂತೆ ಕಲ್ಲಿಗೆ ಹೊಡೆದ ಹಾಗೆ 'ಟಣ್' ಅನ್ನುತ್ತದೆ. ಆ ಸದ್ದು ಬರುವವರೆಗೆ ಮುಂದಿನ ಬಾಣಲಿ ಎತ್ತುವಂತಿಲ್ಲ. ಮುಂದಿನ ಪದರಕ್ಕೆ ಮೊದಲು ಮೇಲ್ಮೈಯನ್ನು ಕೆರೆದು ಗೀರು ಮಾಡಿ, ಸ್ವಲ್ಪ ನೀರು ಚಿಮುಕಿಸಿ. ಇಲ್ಲವಾದರೆ ಪದರಗಳು ಹಪ್ಪಳದ ಹಾಗೆ ಬಿಟ್ಟುಕೊಳ್ಳುತ್ತವೆ.

ಈಗಿನ ಗೋಡೆಗೆ: ಮೊಳೆಯಿಂದ ಕೆರೆದು ನೋಡಿ. ಜಾಳು ಅರ್ಧ ಇಂಚಿನೊಳಗಿದ್ದರೆ ಉದುರುವುದನ್ನೆಲ್ಲ ಬ್ರಷ್‌ನಿಂದ ತೆಗೆದು, ನೆನೆಸಿ, ಅದೇ ಮಾಲನ್ನು ಸಣ್ಣ ಜರಡಿ ಹಿಡಿದು ಒತ್ತಿ ತುಂಬಿ. ಮೊಳೆ ಎರಡಿಂಚು ಸಲೀಸಾಗಿ ಇಳಿದರೆ ತೇಪೆ ಹಾಕಿ ಮುಚ್ಚಬೇಡಿ, ಅಷ್ಟು ಭಾಗ ಒಡೆದು ಮತ್ತೆ ಕಟ್ಟಿಸಿ. ಮಾಳಿಗೆಯ ಭಾರ ಬೀಳುವ ಗೋಡೆ ಅದು. ಇನ್ನೂ ಒಂದು ಮಾತು: ಇಂಥ ಗೋಡೆಯ ಬಲವನ್ನು ಒಣಗಿದಾಗ ಅಳೆದು ಖುಷಿಪಡಬಾರದು. ನೆನೆದಾಗ ಅದು ಅರ್ಧಕ್ಕೂ ಇಳಿಯಬಹುದು. ಅದೇ ಮಾಲನ್ನು ಅಚ್ಚಿನಲ್ಲಿ ಬಡಿದು ಮಾಡಿದ ತುಂಡುಗಳನ್ನು 28 ದಿನ ಕ್ಯೂರಿಂಗ್ ಮಾಡಿ, ಅಂದರೆ ಒದ್ದೆಯಾಗಿಟ್ಟು, 48 ಗಂಟೆ ನೀರಲ್ಲಿಟ್ಟು ಪರೀಕ್ಷಿಸಿ. ಗೋಡೆಗೂ ಒದ್ದೆ ಗೋಣಿಚೀಲ ಹೊದಿಸಿ 28 ದಿನ ಕ್ಯೂರಿಂಗ್ ಬೇಕೇಬೇಕು.

ಮಣ್ಣಿನ ಮನೆ ತಂಪು ಅಂತ ಕಟ್ಟಿಸಿದೆವು. ಏಪ್ರಿಲ್‌ನಲ್ಲಿ ರಾತ್ರಿ ಮಲಗುವ ಕೋಣೆ ಬೆಚ್ಚಗೆ. ಯಾಕೆ?
– ಓದುಗರು, ನಾಗರಬಾವಿ

ಆ ಕೋಣೆ ಪಡುವಣಕ್ಕಿರಬೇಕು. ಬಿಗಿಯಾಗಿ ಬಡಿದ ಮಣ್ಣು ಶಾಖವನ್ನು ತಡೆಯುವುದಿಲ್ಲ, ತಡಮಾಡುತ್ತದೆ ಅಷ್ಟೆ. ಒಂಬತ್ತಿಂಚಿನ ಗೋಡೆ ದಾಟಲು ಆರೇಳು ಗಂಟೆ ಹಿಡಿಯುತ್ತದೆ. ಸಂಜೆ ನಾಲ್ಕರ ಬಿಸಿಲು ನಿಮ್ಮ ಹಾಸಿಗೆಗೆ ತಲುಪುವುದು ರಾತ್ರಿ ಹತ್ತು ಹನ್ನೊಂದಕ್ಕೆ. ಗೋಡೆಯಿಂದ ಒಂದಡಿ ಆಚೆ ಬಿದಿರಿನ ತಟ್ಟಿಯೋ ಬಳ್ಳಿಯ ಚಪ್ಪರವೋ ನಿಲ್ಲಿಸಿ ಬಿಸಿಲು ಗೋಡೆಗೆ ತಾಗದಂತೆ ಮಾಡಿ, ರಾತ್ರಿ ಕಿಟಕಿ ತೆರೆದಿಡಿ. ಬಳ್ಳಿಯನ್ನು ಗೋಡೆಗೇ ಹಬ್ಬಿಸಬೇಡಿ, ಬುಡಕ್ಕೆ ಹಾಕುವ ನೀರು ಪಾಯಕ್ಕಿಳಿಯುತ್ತದೆ.

ವೈರಿಂಗ್ ಆಮೇಲೆ ಗೋಡೆ ಕೊರೆದು ಮಾಡಿಸಬಹುದೇ?
– ಓದುಗರು, ಕೆಂಗೇರಿ

ಬೇಡ. ಗೋಡೆ ಕಟ್ಟುವಾಗಲೇ ವೈರಿನ ಪೈಪನ್ನು ನೆಟ್ಟಗೆ ನಿಲ್ಲಿಸಿ, ಬಾಯಿಗೆ ಬಟ್ಟೆ ತುರುಕಿ, ಸುತ್ತ ಬಡಿಯಿರಿ. ಅಡ್ಡ ಪೈಪ್ ಪದರವನ್ನು ಸೀಳುತ್ತದೆ. ಅದು ಪಾಯದ ಮೇಲೋ ಲಿಂಟಲ್ ಪಟ್ಟಿಯೊಳಗೋ ಹೋಗಲಿ.